ಕಲಿಯುತ್ತಲೇ ಇರಬೇಕಾದ ಜರಡಿ

ನೀನು ಚಾಪೆಯ ಕೆಳಗೆ ನುಸುಳಿದರೆ ನಾನು ರಂಗೋಲಿಯ ಕೆಳಗೆ ನುಸುಳುತ್ತೇನೆ ಎಂಬುದು ನಮ್ಮ ಹಳೆಯ ಮಾತು. ಇ-ಮೇಲಿನಲ್ಲಿ ಬಂದು ಬೀಳುವ ಬೇಡದ ಪತ್ರಗಳಿಗೂ ಅವನ್ನು ತಡೆಯುವ ಜರಡಿಗೂ ನಡೆದಿರುವ ಹೋರಾಟವನ್ನು ಇದಕ್ಕಿಂತ ಅಡಕವಾಗಿ ಹೇಳುವುದು ಕಷ್ಟ.

1978ರ ಮೇ ತಿಂಗಳಲ್ಲಿ ಅಮೆರಿಕದ ಗ್ಯಾರಿ ಥುರ್ಕ್ ಎಂಬವರು ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ, ಯಾರೂ ಕೇಳದಿದ್ದರೂ, ತಮ್ಮ ಕಂಪೆನಿಯ ಗಣಕಯಂತ್ರಗಳ ಜಾಹೀರಾತನ್ನು ಕಳುಹಿಸಿದರು. ಮುಂದೆ 'ಸ್ಪ್ಯಾಮ್' ಎಂದು ಹೆಸರಾದ ಪ್ರವಾಹದ ಮೊದಲ ಹನಿ ಅದು.

ಆರಂಭದ ಜರಡಿಗಳಿಗೆ ಗೊತ್ತಿದ್ದುದು ಕಟ್ಟಳೆ ಮಾತ್ರ: ಇಂಥ ಪದವಿದ್ದರೆ ಪತ್ರವನ್ನು ಹೊರಗಿಡು. ಕಳುಹಿಸುವವರು ಇಂಗ್ಲಿಷಿನ 'ಓ' ಅಕ್ಷರಕ್ಕೆ ಬದಲು ಸೊನ್ನೆಯನ್ನಿಟ್ಟು ಒಳಹೊಕ್ಕರು. 2002ರ ಆಗಸ್ಟಿನಲ್ಲಿ ಪಾಲ್ ಗ್ರಹಾಂ ತಮ್ಮ ಲೇಖನವೊಂದರಲ್ಲಿ ಬೇರೊಂದು ದಾರಿಯನ್ನು ವಿವರಿಸಿದರು. ಕಟ್ಟಳೆಯನ್ನು ನಾವು ಬರೆಯುವುದು ಬೇಡ. ಓದುಗನಿಗೆ ಬಂದ ಪತ್ರಗಳಲ್ಲಿ ಕಾಳಾವುದು, ಜೊಳ್ಳಾವುದು ಎಂದು ತೋರಿಸಿದರೆ, ಒಂದೊಂದು ಪದದ ತೂಕವನ್ನು ಯಂತ್ರವೇ ಲೆಕ್ಕಹಾಕಿ ಕಲಿಯಲಿ. ಉಪಾಯ ಫಲಿಸಿತು. ಎದುರಾಳಿಗಳೂ ಸುಮ್ಮನಿರಲಿಲ್ಲ, ಜಾಹೀರಾತಿನ ಬುಡದಲ್ಲಿ ನಿರಪರಾಧಿ ಪದಗಳನ್ನು ರಾಶಿ ಸುರಿದು ತಕ್ಕಡಿಯನ್ನು ವಾಲಿಸತೊಡಗಿದರು. ಎರಡು ವರ್ಷಗಳಲ್ಲಿ ಈ ಪೀಡೆ ತೊಲಗುವುದೆಂದು 2004ರಲ್ಲಿ ಬಿಲ್ ಗೇಟ್ಸ್ ಭವಿಷ್ಯ ನುಡಿದರು. 2006 ಬಂದಾಗ ಜಾಹೀರಾತು ಚಿತ್ರದ ವೇಷ ತೊಟ್ಟಿತ್ತು. ಎಣಿಸಲು ಅದರಲ್ಲಿ ಪದಗಳೇ ಇರಲಿಲ್ಲ! ಆಗ ಜರಡಿಯೂ ಪತ್ರದ ಮಾತನ್ನಷ್ಟೇ ನಂಬದೆ, ಅದು ಎಲ್ಲಿಂದ ಹೊರಟಿತು, ಕಳುಹಿಸಿದಾತನ ನಡತೆಯೆಂಥದು ಎಂಬುದನ್ನು ಹೆಚ್ಚು ಹೆಚ್ಚಾಗಿ ತೂಗಬೇಕಾಯಿತು. ವ್ಯಾಕರಣದ ತಪ್ಪಿನಿಂದ ವಂಚಕನನ್ನು ಗುರುತಿಸಬಹುದೆಂಬ ನಮ್ಮಂಥ ಮೇಷ್ಟರ ಭರವಸೆಯೂ ಈಗ ಉಳಿದಿಲ್ಲ. ಯಂತ್ರವೇ ಅವನಿಗೆ ತಪ್ಪಿಲ್ಲದ ವಾಕ್ಯಗಳನ್ನು ಬರೆದುಕೊಡುತ್ತಿದೆ.

ಹಾಗಾದರೆ ಜರಡಿಯ ಕಣ್ಣನ್ನು ಇನ್ನಷ್ಟು ಕಿರಿದಾಗಿಸಿದರೆ ಸಾಲದೆ? ಸಾಲದು. ಬೇಡದ ನೂರು ಪತ್ರಗಳು ಒಳಬಂದರೆ ಬೇಸರ, ಬೇಕಾದ ಒಂದು ಹೊರಗುಳಿದರೆ ನಷ್ಟ. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನಕ್ಕಾಗಿ ಶಿಫಾರಸು ಪತ್ರ ಕೋರಿ ಹೊಸ ವಿಳಾಸದಿಂದ ಬರೆದಿದ್ದಳು. ಅದು ನನಗೆ ಸಿಕ್ಕಿದ್ದು ಮೂರು ವಾರಗಳ ಮೇಲೆ, ಜೊಳ್ಳಿನ ರಾಶಿಯಲ್ಲಿ. ಅರ್ಜಿಯ ಗಡುವು ಆಗಲೇ ಮುಗಿದಿತ್ತು. ಯಂತ್ರವನ್ನು ಬಯ್ಯಹೊರಟವನು ಅರ್ಧದಲ್ಲೇ ತಡೆದೆ. ಅಪರಿಚಿತ ವಿಳಾಸದ ಪತ್ರಗಳನ್ನು ಓದದೆಯೇ ಸ್ಪ್ಯಾಮೆಂದು ಗುರುತುಹಾಕುತ್ತಿದ್ದವನು ನಾನು. ಅದಕ್ಕೆ ಪಾಠ ಹೇಳಿದ ಮೇಷ್ಟರೂ ನಾನೇ ಅಲ್ಲವೆ?

ಈಗ ವಾರಕ್ಕೊಮ್ಮೆ ಆ ರಾಶಿಯನ್ನು ಕೆದಕಿ ನೋಡುತ್ತೇನೆ. ಸಿಕ್ಕ ಕಾಳನ್ನು ಎತ್ತಿ ಒಳಗಿಟ್ಟಾಗ ಜರಡಿ ಒಂದಿಷ್ಟು ಕಲಿಯುತ್ತದೆ; ನಾನೂ.