ಕುದಿಸಿದರೂ ಸೋಲದ ಕಿಣ್ವ

ಸಹೋದರಿಯರೆ, ಸಂಘದ ಸಭೆಗಳಲ್ಲಿ ನಮಗೆ ಆಗಾಗ ಎದುರಾಗುವ ಪ್ರಶ್ನೆ ಇದು: "ಡೇರಿಯಲ್ಲಿ ಹಾಲು ಕಾಯಿಸೇ ಕಾಯಿಸ್ತಾರೆ, ಕಾದರೆ ಎಲ್ಲಾ ಸತ್ತುಹೋಗುತ್ತೆ. ಕ್ಯಾನು ಅಷ್ಟೊಂದು ಉಜ್ಜಬೇಕಾ?" ರೋಗಾಣುಗಳ ಮಟ್ಟಿಗೆ ಈ ಮಾತು ಬಹುಪಾಲು ಸರಿ. ಆದರೆ ಹಾಲಿನಲ್ಲಿ ರೋಗಾಣುಗಳಲ್ಲದೆ ಕಿಣ್ವಗಳೂ ಇರುತ್ತವೆ.

ಕಿಣ್ವ ಎಂದರೆ ಒಂದು ಬಗೆಯ ಪ್ರೋಟೀನು. ಅದಕ್ಕೆ ಜೀವವಿಲ್ಲ, ಕೆಲಸ ಮಾತ್ರ ಇದೆ. ಲೈಪೇಸ್ ಎಂಬ ಕಿಣ್ವ ಕೊಬ್ಬನ್ನು ಒಡೆಯುತ್ತದೆ. ಹಾಲಿಗೆ ಕಮಟು ವಾಸನೆ ಬರುವುದು ಹೀಗೆ. ಪ್ರೋಟಿಯೇಸ್ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ. ಉದ್ದನೆಯ ದಾರವನ್ನು ಒಂದು ಗೊತ್ತಾದ ರೀತಿಯಲ್ಲಿ ಮಡಚಿ ಉಂಡೆ ಮಾಡಿದ ಹಾಗಿರುತ್ತದೆ ಕಿಣ್ವ. ಆ ಮಡಿಕೆ ಬಿಚ್ಚಿಕೊಂಡರೆ ಅದರ ಕೆಲಸ ನಿಂತಿತು. ಮೊಟ್ಟೆಯ ಬಿಳಿ ಲೋಳೆ ಬಿಸಿಗೆ ಗಟ್ಟಿಯಾದ ಮೇಲೆ ಮತ್ತೆ ಲೋಳೆ ಆಗುವುದಿಲ್ಲವಲ್ಲ, ಹಾಗೆ. ಡೇರಿಯಲ್ಲಿ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದ ಮೇಲೆ ಫಾಸ್ಫಟೇಸ್ ಎಂಬ ಹಾಲಿನದೇ ಕಿಣ್ವ ಉಳಿದಿದೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಅದು ಉಳಿದಿದ್ದರೆ ಹಾಲು ಸರಿಯಾಗಿ ಕಾದಿಲ್ಲ ಎಂದೇ ಅರ್ಥ.

ಹಾಗಾದರೆ ಬಿಸಿಯೊಂದೇ ಕಿಣ್ವವನ್ನು ಕೆಡಿಸುತ್ತದೆಯೇ? ಇಲ್ಲ, ನೀರೂ ಅದರ ಜೊತೆ ಇರಬೇಕು. ಹೆಸರುಕಾಳನ್ನು ಬಾಣಲೆಯಲ್ಲಿ ಒಣದಾಗಿ ಹುರಿದರೆ ಕಾಳು ಕಾಳಾಗಿಯೇ ಇರುತ್ತದೆ, ಅದಕ್ಕಿಂತ ಕಡಿಮೆ ಬಿಸಿಯ ನೀರಿನಲ್ಲಿ ಬೇಯಿಸಿದರೆ ಕರಗಿಹೋಗುತ್ತದೆ. ಕಿಣ್ವದ ಕಥೆಯೂ ಸುಮಾರಾಗಿ ಇದೇ. ಅಮೆರಿಕದ ಎಂಐಟಿಯಲ್ಲಿ ಜಾಕ್ಸ್ ಮತ್ತು ಕ್ಲಿಬನೋವ್ ಎಂಬ ವಿಜ್ಞಾನಿಗಳು 1984ರಲ್ಲಿ ಹಂದಿಯ ಮೇದೋಜೀರಕದ ಲೈಪೇಸನ್ನು ಹೆಚ್ಚುಕಡಿಮೆ ನೀರೇ ಇಲ್ಲದ ದ್ರಾವಕದಲ್ಲಿ ಇಟ್ಟು 100 ಡಿಗ್ರಿಗೆ ಕಾಯಿಸಿದರು. ಗಂಟೆಗಟ್ಟಲೆ ಅದು ಕೆಲಸ ಮಾಡಿತು. ಅದೇ ಬಿಸಿಯ ನೀರಿನಲ್ಲಿ ಹಾಕಿದಾಗ ನೋಡನೋಡುತ್ತಲೇ ಕೆಟ್ಟಿತು.

ಮುಂದಿನ ಹೆಜ್ಜೆ ಇನ್ನೂ ವಿಚಿತ್ರ. ನೀರೂ ಬೇಡ, ದ್ರಾವಕವೂ ಬೇಡ ಎಂದರೆ ಕಿಣ್ವ ಬರೀ ಪುಡಿ. ಪುಡಿಯಲ್ಲಿ ಅದು ಬಿಗಿದುಕೊಂಡಿರುತ್ತದೆ. ಕೆಲಸ ಮಾಡಲು ಸ್ವಲ್ಪ ಮಿಸುಕಾಡುವ ಜಾಗ ಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವೊಂದು ಇದಕ್ಕೆ ಉಪಾಯ ಕಂಡುಹಿಡಿದು 2014ರಲ್ಲಿ ಪ್ರಕಟಿಸಿತು. ಮೊದಲು ಲೈಪೇಸಿನ ಮೈಮೇಲೆ ಧನ ವಿದ್ಯುತ್ ಅಂಶ ಹೆಚ್ಚಿಸಿದರು. ಋಣ ಅಂಶವಿರುವ ಸೋಪಿನಂಥ ಉದ್ದನೆಯ ಅಣುಗಳು ಆಗ ಅದಕ್ಕೆ ಸುತ್ತಲೂ ಅಂಟಿಕೊಂಡವು. ಆಮೇಲೆ ಹೆಪ್ಪುಗಟ್ಟಿಸಿ ಒಣಗಿಸಿ ನೀರು ತೆಗೆದರು. ಉಳಿದದ್ದನ್ನು ಬೆಚ್ಚಗೆ ಮಾಡಿದರೆ ತುಪ್ಪದ ಹಾಗೆ ಕರಗಿ ದ್ರವವಾಯಿತು! ನೀರು ಕೊಡುತ್ತಿದ್ದ ಸಡಿಲವನ್ನು ಈಗ ಆ ಕವಚವೇ ಕೊಟ್ಟಿತು. ಆ ದ್ರವದಲ್ಲಿ ಲೈಪೇಸ್ 150 ಡಿಗ್ರಿಯವರೆಗೂ ಕೆಲಸ ಮಾಡಿತು. ಅವರು ಬಳಸಿದ ಎರಡು ಲೈಪೇಸ್‌ಗಳಲ್ಲಿ ಒಂದು ರೈಜೋಮ್ಯೂಕರ್ ಮಿಯೆಹೆ ಎಂಬ ಬೂಷ್ಟಿನದು. ಚೀಸ್ ಮಾಡುವಾಗ ಕರುವಿನ ಹೊಟ್ಟೆಯ ರೆನೆಟ್ ಬದಲು ಹಾಲು ಗಟ್ಟಿಯಾಗಿಸಲು ಹಾಕುವ ಕಿಣ್ವವೂ ಇದೇ ಬೂಷ್ಟಿನಿಂದ ಬರುತ್ತದೆ. ತಣ್ಣಗಿದ್ದಾಗ ಮಂದವಾಗಿರುವ ಎಣ್ಣೆ, ಕೊಬ್ಬುಗಳನ್ನು ಬಿಸಿ ಮಾಡಿ, ದ್ರಾವಕದ ಖರ್ಚಿಲ್ಲದೆ ಬೇರೆ ಪದಾರ್ಥವಾಗಿಸಲು ಇಂಥದ್ದು ಅನುಕೂಲವಾದೀತು ಎಂಬುದು ವಿಜ್ಞಾನಿಗಳ ಆಸೆ.

ಅವರು ಕಷ್ಟಪಟ್ಟು ಮಾಡಿದ ಇಂಥ ಕೆಲಸವನ್ನು ಒಂದು ಬ್ಯಾಕ್ಟೀರಿಯಾ ತನ್ನದೇ ರೀತಿಯಲ್ಲಿ ಮಾಡಿಕೊಂಡಿದೆ. ನಮಗೆ ಅದೇ ತಲೆನೋವು. ಸ್ಯೂಡೊಮೊನಾಸ್ ಎಂದು ಅದರ ಹೆಸರು. ಮಣ್ಣು, ನೀರು, ಸರಿಯಾಗಿ ತೊಳೆಯದ ಪಾತ್ರೆ, ಎಲ್ಲದರಲ್ಲೂ ಇರುತ್ತದೆ. ಬಿಎಂಸಿಯ 4 ಡಿಗ್ರಿ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ. ಹಾಲು ಕಾಯಿಸಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ. ಅದು ಬಿಟ್ಟ ಲೈಪೇಸ್, ಪ್ರೋಟಿಯೇಸ್‌ಗಳು ಹಾಲಿನ ನೀರಿನಲ್ಲೇ ಇದ್ದೂ ಬಿಸಿಯನ್ನು ತಡೆಯುತ್ತವೆ. 135ರಿಂದ 140 ಡಿಗ್ರಿಗೆ ಕೆಲವು ಸೆಕೆಂಡು ಕಾಯಿಸುವ ಯುಎಚ್‌ಟಿ ಹಾಲಿನಲ್ಲೂ ಒಂದಷ್ಟು ಉಳಿದುಬಿಡುತ್ತವೆ. ತಿಂಗಳುಗಟ್ಟಲೆ ಇರಬೇಕಾದ ಪ್ಯಾಕೆಟ್ಟಿನ ಹಾಲು ಅಂಗಡಿಯಲ್ಲೇ ಕಹಿಯಾಗುವುದು, ಲೋಳೆಯಂತೆ ಗಟ್ಟಿಯಾಗುವುದು ಇದರಿಂದಲೂ ಆಗುತ್ತದೆ. ಅಲ್ಲಿಗೆ ಹೋದ ಮೇಲೆ ಯಾವ ಯಂತ್ರವೂ ಅದನ್ನು ಸರಿಮಾಡದು. ಮುಂಚೆಯೇ, ನಿಮ್ಮ ಕೊಟ್ಟಿಗೆಯಲ್ಲಿ, ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವುದೊಂದೇ ದಾರಿ.

ಕ್ಯಾನು ತೊಳೆಯುವಾಗ ಹೆಚ್ಚಿನವರು ಮೊದಲೇ ಕುದಿನೀರು ಸುರಿಯುತ್ತಾರೆ. ಅದು ತಪ್ಪು. ಅಂಟಿದ ಹಾಲಿನ ಪ್ರೋಟೀನು ಮೊಟ್ಟೆಯ ಹಾಗೆ ಅಲ್ಲೇ ಬೆಂದು ಕಚ್ಚಿಕೊಳ್ಳುತ್ತದೆ, ಅದರ ಅಡಿಯಲ್ಲಿ ಬ್ಯಾಕ್ಟೀರಿಯಾ ಸುಖವಾಗಿರುತ್ತದೆ. ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪಿನ ಪುಡಿ ಹಾಕಿ ಬ್ರಷ್ಷಿನಿಂದ ಉಜ್ಜಿ ತೊಳೆದು, ಕೊನೆಗೆ ಕುದಿನೀರು ಹಾಕಿ. ಮುಚ್ಚಳದ ರಬ್ಬರನ್ನು ಬಿಚ್ಚಿ ಬೇರೆ ತೊಳೆಯಿರಿ. ಮೂಸಿ ನೋಡಿದರೆ ಯಾಕೆಂದು ನಿಮಗೇ ತಿಳಿಯುತ್ತದೆ. ಕ್ಯಾನನ್ನು ಬೋರಲು ಹಾಕಿ ಒಣಗಿಸಿ. ಫ್ರಿಜ್ಜಿನಲ್ಲಿಟ್ಟಿದ್ದೇವೆ ಎಂದು ರಾತ್ರಿಯ ಹಾಲನ್ನು ಬೆಳಗಿನ ಹಾಲಿಗೆ ಬೆರೆಸಿ ಸಂಘಕ್ಕೆ ತರಬೇಡಿ.