ಬೇರಿಗೆ ಬಂದ ಆಪತ್ತು

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಮೇಯರ್ ಎಂಬ ನಾಟಿವೈದ್ಯನೊಬ್ಬನಿದ್ದ. ತನ್ನ ಬೇರಿನ ಔಷಧಿ ಹಾವಿನ ವಿಷವನ್ನೂ ಇಳಿಸುತ್ತದೆಂದು ಸಾರುತ್ತಿದ್ದ. 1880ರ ದಶಕದಲ್ಲಿ ಸಿನ್ಸಿನಾಟಿ ನಗರದ ಔಷಧ ಪಂಡಿತರು ನಂಬದೆ ಹೋದಾಗ, 'ನಿಮ್ಮೆದುರಿಗೇ ರ್‍ಯಾಟಲ್ ಹಾವಿನಿಂದ ಕಚ್ಚಿಸಿಕೊಂಡು ತೋರಿಸಲೇ?' ಎಂದ! ಅವರು ಬೇಡವೆಂದರು. ಹಾವಿನ ಮಾತು ಅಲ್ಲಿಗೆ ನಿಂತಿತು. ಬೇರು ಮಾತ್ರ ಔಷಧದ ಅಂಗಡಿ ಸೇರಿತು.

ಅದು ಎಕಿನೇಶಿಯಾ ಎಂಬ ಕಾಡುಹೂವಿನ ಬೇರು. ನಮ್ಮ ಸೇವಂತಿಗೆ, ಗರುಗಗಳ ಬಳಗದ್ದೇ. ಆದರೆ ಉತ್ತರ ಅಮೆರಿಕ ಬಿಟ್ಟು ಬೇರೆಲ್ಲೂ ತಾನಾಗಿ ಹುಟ್ಟದು. ಇಳಿಬಿದ್ದ ನಸುನೇರಳೆ ಎಸಳು, ನಡುವೆ ಗುಮ್ಮಟದಂತೆ ಉಬ್ಬಿದ ಮುಳ್ಳುಮುಳ್ಳಾದ ಭಾಗ. ಮೈಯೆಲ್ಲ ಮುಳ್ಳಿರುವ ಪ್ರಾಣಿಯ ಗ್ರೀಕ್ ಹೆಸರೇ ಇದಕ್ಕೂ ಬಂದಿದೆ.

ಮೇಯರ್‌ಗಿಂತ ಎಷ್ಟೋ ಮೊದಲೇ ಅಲ್ಲಿನ ಹುಲ್ಲುಗಾವಲುಗಳ ಮೂಲನಿವಾಸಿಗಳು ಹಲ್ಲುನೋವಿಗೆ, ಗಂಟಲುನೋವಿಗೆ ಈ ಬೇರನ್ನು ಅಗಿಯುತ್ತಿದ್ದರು. ಅಗಿದರೆ ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ. ಗ್ರಂಧಿಗೆ ಅಂಗಡಿಯ ಅಕ್ಕಲಕರೆ ಬಾಯಿಗೆ ಹಾಕಿಕೊಂಡವರಿಗೆ ಈ ಅನುಭವ ಹೊಸದಲ್ಲ. ಅದೂ ಇದೇ ಕುಟುಂಬದ್ದು.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯಕರ. 1930ರ ದಶಕದ ಕೊನೆಗೆ ಜರ್ಮನಿಯ ಗೆರ್ಹಾರ್ಡ್ ಮಾಡಾಸ್, ಮೂಲನಿವಾಸಿಗಳು ಬಳಸುವ ಕಿರಿದೆಲೆಯ ಪ್ರಭೇದವನ್ನು ಬೆಳೆಸಲೆಂದು ಅಮೆರಿಕದಿಂದ ಬೀಜ ತರಿಸಿದ. ಬಿತ್ತಿದ ಮೇಲೆ ಬಂದದ್ದು ಅಗಲ ಎಲೆಯ ಇನ್ನೊಂದು ಪ್ರಭೇದ, ಪರ್ಪ್ಯೂರಿಯಾ! ಬಂದದ್ದನ್ನೇ ಹಿಂಡಿ ಔಷಧಿ ಮಾಡಿದರು, ಅದರ ಮೇಲೇ ಸಂಶೋಧನೆಗಳೂ ನಡೆದವು. ಬೀಜ ಬದಲಾಯಿತು, ಕೀರ್ತಿ ಬದಲಾಗಲಿಲ್ಲ.

ಅದಿರಲಿ, ಪರ್ಪ್ಯೂರಿಯಾ ತೋಟದಲ್ಲಿ ಸಲೀಸಾಗಿ ಬೆಳೆಯುತ್ತದೆ. ಕಷ್ಟ ಬಂದದ್ದು ಕಿರಿದೆಲೆಯದಕ್ಕೆ. ಅದರ ಬೇರು ನೆಲದಾಳಕ್ಕೆ ಇಳಿಯುತ್ತದೆ, ಬಲಿಯಲು ಮೂರು-ನಾಲ್ಕು ವರ್ಷ ಬೇಕು. ಅಷ್ಟು ಕಾಯುವವರು ಯಾರು? 1990ರ ದಶಕದಲ್ಲಿ ನೆಗಡಿಯ ಗುಳಿಗೆಯಾಗಿ ಎಕಿನೇಶಿಯಾ ಬಿಸಿಬಿಸಿಯಾಗಿ ಮಾರಾಟವಾಗತೊಡಗಿದಾಗ, ಜನ ಹಾರೆ ಹಿಡಿದು ಹುಲ್ಲುಗಾವಲಿಗೇ ನುಗ್ಗಿದರು. ಕೊನೆಗೆ 1999ರಲ್ಲಿ ಮೊಂಟಾನಾ ಸರಕಾರ ತನ್ನ ನೆಲದಲ್ಲಿ ಬೇರು ಅಗೆಯುವುದಕ್ಕೆ ಮೂರು ವರ್ಷ ತಡೆ ಹಾಕಬೇಕಾಯಿತು.

ಇಷ್ಟೆಲ್ಲ ಅಗೆದು ದೊರೆತದ್ದೇನು? 2005ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ 437 ಸ್ವಯಂಸೇವಕರಿದ್ದರು. ಅವರ ಮೂಗಿಗೆ ನೆಗಡಿಯ ವೈರಸ್ಸನ್ನೇ ಬಿಟ್ಟು, ಇದೇ ಕಿರಿದೆಲೆಯ ಬೇರಿನ ಸಾರ ಕೊಟ್ಟು ನೋಡಿದರು. ಗಣನೀಯ ಪರಿಣಾಮ ಕಾಣಲಿಲ್ಲ. ಇತರ ಪರೀಕ್ಷೆಗಳ ಫಲಿತಾಂಶಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಮಾರಾಟವೇನೋ ನಡೆದೇ ಇದೆ.

ಗಿಡ ಮಾತ್ರ ಸುಲಭಕ್ಕೆ ಸೋಲುವ ಜಾತಿಯಲ್ಲ. ಕಾನ್ಸಾಸ್, ಮೊಂಟಾನಾಗಳಲ್ಲಿ ಸಂಶೋಧಕರು ಬೇರು ಅಗೆದ ಗುಂಡಿಗಳನ್ನು ಗುರುತಿಟ್ಟು ಒಂದೆರಡು ವರ್ಷದ ಮೇಲೆ ಹೋಗಿ ನೋಡಿದರು. ಆಳದಲ್ಲಿ ಉಳಿದ ತುಂಡು ಬೇರುಗಳಿಂದ ಸುಮಾರು ಅರ್ಧದಷ್ಟು ಗಿಡಗಳು ಮತ್ತೆ ಚಿಗುರಿದ್ದವು.