ಸಿಂಗಾಡಿ: ಎಮ್ಮೆಕೊಂಬಿನ ಬಿಲ್ಲು

ಕನ್ನಡ ನಿಘಂಟಿನಲ್ಲಿ ‘ಸಿಂಗಾಡಿ’ ಎಂಬ ಪದವಿದೆ. ಅರ್ಥ, ಕೊಂಬಿನಿಂದ ಮಾಡಿದ ಬಿಲ್ಲು. ತೆಲುಗು ನಿಘಂಟಿನಲ್ಲಿ ಇದರ ಒಡಹುಟ್ಟುಗಳು ‘ಸಿಂಗಾಣಿ’, ‘ಸಿಂಗಿಣಿ’. ಎರಡೂ ನುಡಿ ಒಂದೇ ಮನೆಯಲ್ಲಿ ಓಡಾಡುವ ನಾರಾಯಣಪೇಟೆ, ಮಖ್ತಲ್ ಕಡೆಯವರೂ ಇಂದು ಈ ಪದಗಳನ್ನು ಮರೆತಿದ್ದರೆ ಅಚ್ಚರಿಯಿಲ್ಲ. ಆದರೆ ಆ ಬಿಲ್ಲಿಗೆ ಬೇಕಾದ ಸಾಮಾನು ಮಾತ್ರ ಅಲ್ಲಿನ ಊರೂರಿನ ಕೊಟ್ಟಿಗೆಯಲ್ಲಿ ಈಗಲೂ ಮೆಲುಕು ಹಾಕುತ್ತ ನಿಂತಿದೆ.

ಎಮ್ಮೆಯ ಕೊಂಬು ಬಾಗುತ್ತದೆಯೇ? ತೆಳ್ಳಗೆ ಸೀಳಿದರೆ ಚೆನ್ನಾಗಿ ಬಾಗುತ್ತದೆ. ಅದಕ್ಕಿಂತ ದೊಡ್ಡ ಗುಣ, ಒತ್ತಡಕ್ಕೆ ಕುಗ್ಗಿ ಮತ್ತೆ ಹಿಗ್ಗುವುದು. ಬಿಲ್ಲನ್ನು ಸೆಳೆದಾಗ ಬಿಲ್ಲುಗಾರನ ಕಡೆಗಿರುವ ಮೈ ಕುಗ್ಗುತ್ತದೆ, ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ. ಮರವೊಂದೇ ಎರಡನ್ನೂ ತಡೆಯಬೇಕಾದಾಗ ಬಿಲ್ಲು ಆಳುದ್ದ ಇರಬೇಕಾಗುತ್ತದೆ. ಗಿಡ್ಡ ಮಾಡಿ ಜೋರಾಗಿ ಎಳೆದರೆ ಮುರಿಯುತ್ತದೆ. ಸಿಂಗಾಡಿಯ ಉಪಾಯ ಈ ಕೆಲಸವನ್ನು ಹಂಚಿಬಿಟ್ಟದ್ದು. ಕುಗ್ಗುವ ಮೈಗೆ ಕೊಂಬು, ಹಿಗ್ಗುವ ಮೈಗೆ ದನದ ಕಾಲಿನ ನರ, ನಡುವೆ ತೆಳುವಾದ ಮರ. ಇಲ್ಲಿ ನರವೆಂದರೆ ರಕ್ತನಾಳವಲ್ಲ, ಮಾಂಸವನ್ನು ಎಲುಬಿಗೆ ಬಿಗಿಯುವ ಬಿಳಿಯ ಹುರಿ. ಹಿಮ್ಮಡಿಯ ಮೇಲೆ ನಮ್ಮ ಬೆರಳಿಗೂ ಅದು ಸಿಗುತ್ತದೆ.

ಇದು ಹೊರಗಿನಿಂದ ಬಂದ ವಿದ್ಯೆಯಷ್ಟೇ ಎಂದುಕೊಳ್ಳಬೇಕಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಬಗೆಯ ಬಿಲ್ಲುಗಳನ್ನು ಎಣಿಸುತ್ತದೆ. ಹೆದೆಗೆ ಬಳಸುವ ಎಕ್ಕದ ನಾರು, ಸೆಣಬು, ನರಗಳನ್ನೂ ಹೇಳುತ್ತದೆ. ವಿಷ್ಣುವಿನ ಬಿಲ್ಲಿಗೆ ‘ಶಾರ್ಙ್ಗ’ ಎಂಬ ಹೆಸರು ಬಂದದ್ದೂ ಶೃಂಗದಿಂದಲೇ. ಶಾರ್ಙ್ಗಪಾಣಿ ಎಂದು ಮಗನಿಗೆ ಹೆಸರಿಟ್ಟವರು ಅವನ ಕೈಗೆ ಕೊಂಬಿನ ಬಿಲ್ಲು ಕೊಟ್ಟಂತೆ.

ಮಾಡುವ ಬಗೆ ನಿಧಾನದ್ದು. ತುರ್ಕಿ, ಕೊರಿಯಾಗಳಲ್ಲಿ ಉಳಿದುಬಂದಿರುವ ಕಸುಬಿನಿಂದ ಅದರ ಹಂತಗಳು ತಿಳಿಯುತ್ತವೆ. ಕೊಂಬನ್ನು ಉದ್ದಕ್ಕೆ ಪಟ್ಟಿಯಾಗಿ ಕೊಯ್ದು, ಬಿಸಿಯಲ್ಲಿ ಮೆತ್ತಗಾಗಿಸಿ, ನೇರ ಮಾಡುತ್ತಾರೆ. ಕೊಂಬಿನ ಮೈಗೂ ಮರದ ಮೈಗೂ ಹಲ್ಲುಳ್ಳ ಉಳಿಯಿಂದ ಉದ್ದುದ್ದ ಗೀರು ಹಾಕುತ್ತಾರೆ. ಒಂದರ ಗೀರಿನಲ್ಲಿ ಇನ್ನೊಂದರ ಏಣು ಕೂತು ಅಂಟಿನ ಹಿಡಿತ ಹೆಚ್ಚುತ್ತದೆ. ಅಂಟೂ ಪ್ರಾಣಿಯದ್ದೇ: ತೊಗಲು, ನರ ಕುದಿಸಿ ಇಳಿಸಿದ್ದು, ಇಲ್ಲವೆ ಮೀನಿನ ಗಾಳಿಚೀಲದಿಂದ ತೆಗೆದದ್ದು. ಕೊಂಬು, ಮರ ಎರಡನ್ನೂ ಸೇರಿಸಿ ಹಗ್ಗ ಸುತ್ತಿ, ಮೈಬಲವೆಲ್ಲ ಹಾಕಿ ಬಿಗಿದು, ಒಣಗಲು ಬಿಡುತ್ತಾರೆ.

ಆಮೇಲೆ ನರದ ಸರದಿ. ಒಣಗಿ ಕಡ್ಡಿಯಾದ ನರವನ್ನು ಕೊಡತಿಯಿಂದ ಬಡಿದರೆ ಅದು ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಆ ಎಳೆಗಳನ್ನು ಬಾಚಿ, ಬಿಸಿ ಅಂಟಿನಲ್ಲಿ ಅದ್ದಿ, ಬಿಲ್ಲಿನ ಬೆನ್ನ ಮೇಲೆ ತಲೆಗೂದಲು ತೀಡಿದ ಹಾಗೆ ಉದ್ದಕ್ಕೆ ಮಲಗಿಸುತ್ತಾರೆ. ಒಂದು ಪದರ ಒಣಗಿದ ಮೇಲೆ ಇನ್ನೊಂದು. ನರ ಒಣಗುತ್ತ ಮುದುರುತ್ತದೆ, ಮುದುರುತ್ತ ಬಿಲ್ಲನ್ನೇ ಹಿಂದಕ್ಕೆ ಎಳೆಯುತ್ತದೆ. ಹೀಗಾಗಿ ಹೆದೆ ಬಿಚ್ಚಿದ ಸಿಂಗಾಡಿ ನೆಟ್ಟಗಿರುವುದಿಲ್ಲ; ಬಾಗಬೇಕಾದ ದಿಕ್ಕಿಗೆ ಬೆನ್ನು ತಿರುಗಿಸಿ ಬಳೆಯಂತೆ ಸುತ್ತಿಕೊಂಡಿರುತ್ತದೆ. ಹೆದೆಯೇರಿಸುವಾಗ ಅದನ್ನು ಪೂರ್ತಿ ಮಗುಚಬೇಕು. ಎರಡೂ ತುದಿಯ ಕೊಪ್ಪಿಗೆ ಹೆದೆ ಸಿಕ್ಕಿಸುವ ಹೊತ್ತಿಗೇ ಬಿಲ್ಲಿನೊಳಗೆ ಸಾಕಷ್ಟು ಬಲ ತುಂಬಿರುತ್ತದೆ. ಒಳ್ಳೆಯ ಬಿಲ್ಲು ಒಣಗಿ ಹದವಾಗಲು ಒಂದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು.

ಅಷ್ಟು ತಾಳ್ಮೆಗೆ ಸಿಗುವ ಫಲವೂ ಕಡಿಮೆಯಲ್ಲ. 1798ರಲ್ಲಿ ಒಟ್ಟೋಮನ್ ಸುಲ್ತಾನ ಮೂರನೇ ಸೆಲಿಮ್ ಇಂಥ ಬಿಲ್ಲಿನಿಂದ ಬಿಟ್ಟ ಹಗುರ ಬಾಣ ಸುಮಾರು 890 ಮೀಟರ್ ಹಾರಿತೆಂಬ ದಾಖಲೆಯಿದೆ. ಕೊರಿಯನ್ನರ ‘ಗಾಕ್‌ಗುಂಗ್’ ಪದಕ್ಕೂ ಕೊಂಬಿನ ಬಿಲ್ಲೆಂದೇ ಅರ್ಥ, ಅಂದರೆ ಥೇಟ್ ನಮ್ಮ ಸಿಂಗಾಡಿ. ಆದರೆ ಅವರ ನಾಡಿನಲ್ಲಿ ಎಮ್ಮೆಗಳಿರಲಿಲ್ಲ. ಕೊಂಬನ್ನು ಹೊರದೇಶಗಳಿಂದ ತರಿಸಬೇಕಿತ್ತು. ದಖನ್ನಿಗೆ ಆ ಕಷ್ಟವಿರಲಿಲ್ಲ.

ದಖನ್ನಿನ ತೊಂದರೆ ಬೇರೆ: ಮಳೆ. ಪ್ರಾಣಿಯ ಅಂಟು ತೇವಕ್ಕೆ ಮೆತ್ತಗಾಗುತ್ತದೆ, ಆಗ ಬಿಲ್ಲು ಬಲಗೆಡುತ್ತದೆ, ಪದರ ಬಿಡುತ್ತದೆ. ಮೇಲೆ ತೊಗಲು ಸುತ್ತಿ ಅರಗಿನ ಬಣ್ಣ ಬಳಿಯುವುದು ಅಂದಕ್ಕೆ ಮಾತ್ರವಲ್ಲ. ಭಾರತದಲ್ಲಿ ಉಕ್ಕಿನ ಬಿಲ್ಲು ಹುಟ್ಟಿದ್ದಕ್ಕೂ ಇದೊಂದು ಕಾರಣ. ಅದರ ಬಾಣಕ್ಕೆ ಅಷ್ಟು ವೇಗವಿರಲಿಲ್ಲ, ಆದರೆ ಕೋಟೆಯ ಆಯುಧಶಾಲೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೂ ಕೆಡುತ್ತಿರಲಿಲ್ಲ. ಕೃಷ್ಣೆ, ತುಂಗಭದ್ರೆಯರ ನಡುವಿನ ಒಣನೆಲ ಕರಾವಳಿಗಿಂತ ಸಿಂಗಾಡಿಗೆ ಎಷ್ಟೋ ವಾಸಿ. ದಂಡಯಾತ್ರೆ ಹೊರಡುತ್ತಿದ್ದದ್ದೂ ಮಹಾನವಮಿ ಕಳೆದು, ನೆರೆ ಇಳಿದು, ದಾರಿ ಒಣಗಿದ ಮೇಲೆ.

ಆ ನಡುನೆಲವೇ ರಾಯಚೂರು ದೋಆಬ್. ಗದ್ವಾಲ್ ಪಟ್ಟಣವಿರುವುದು ಅದರ ಪೂರ್ವದ ಮಗ್ಗುಲಲ್ಲಿ, ಅಲ್ಲಿಯವರು ನಡಿಗಡ್ಡ ಎನ್ನುವ ಸೀಮೆಯಲ್ಲಿ. 1956ರವರೆಗೆ ಗದ್ವಾಲ್ ತಾಲ್ಲೂಕು ರಾಯಚೂರು ಜಿಲ್ಲೆಯದೇ ಆಗಿತ್ತು. ಮಖ್ತಲ್, ನಾರಾಯಣಪೇಟೆಗಳು ಕೃಷ್ಣೆಯ ಬಡಗಣ ದಂಡೆಗೆ. ಬಹಮನಿಗಳೂ ವಿಜಯನಗರದವರೂ ಈ ದೋಆಬಿಗಾಗಿ ತಲೆಮಾರುಗಟ್ಟಲೆ ಕಾದಾಡಿದರು.

ಈ ಕಾದಾಟದಲ್ಲಿ ತಾವೇಕೆ ಮತ್ತೆ ಮತ್ತೆ ಸೋಲುತ್ತೇವೆ ಎಂದು ವಿಜಯನಗರದ ಅರಸ ಇಮ್ಮಡಿ ದೇವರಾಯ ಸಭೆ ಕರೆದು ಕೇಳಿದ ಎಂದು ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫೆರಿಷ್ತಾ ಹೇಳುತ್ತಾನೆ. ಸಭಿಕರು ಕೊಟ್ಟ ಕಾರಣಗಳಲ್ಲಿ ಎರಡು ಗಟ್ಟಿಯಾಗಿದ್ದವು: ಬಹಮನಿಗಳ ಕುದುರೆ ಬಲಿಷ್ಠ, ಅವರ ಬಿಲ್ಲುಗಾರರು ನುರಿತವರು. ಕುದುರೆಯ ಮೇಲೆ ಕೂತವನಿಗೆ ಆಳುದ್ದದ ಬಿದಿರಬಿಲ್ಲು ತೊಡಕು, ಗಿಡ್ಡ ಕೊಂಬಿನ ಬಿಲ್ಲು ಹಗುರ. ದೇವರಾಯ 2,000 ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು ಜಹಗೀರು ಕೊಟ್ಟ, ತನ್ನವರಿಗೆ ಅವರಿಂದ ವಿದ್ಯೆ ಕಲಿಸಿದ. ಕಲಿತ ಹಿಂದೂ ಬಿಲ್ಲುಗಾರರ ಸಂಖ್ಯೆ 60,000 ಎಂಬ ಫೆರಿಷ್ತಾನ ಲೆಕ್ಕವನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಆದರೆ ಮುಸ್ಲಿಂ ಸರದಾರರು ಬಂದು ನೆಲೆಸಿದ್ದಕ್ಕೆ ಹಂಪಿಯಲ್ಲಿ ಕಲ್ಲಿನ ಸಾಕ್ಷಿಯಿದೆ. 1439ರಲ್ಲಿ ಅಹಮದ್ ಖಾನ್ ಎಂಬಾತ ಕಟ್ಟಿಸಿದ ಮಸೀದಿಯನ್ನು ಅಲ್ಲಿನ ಕನ್ನಡ ಶಾಸನ ‘ಧರ್ಮಸಾಲೆ’ ಎಂದು ಕರೆಯುತ್ತದೆ. 1443ರಲ್ಲಿ ದೇವರಾಯ ತುಂಗಭದ್ರೆ ದಾಟಿ ಮುದಗಲ್ಲನ್ನು ಹಿಡಿದ, ರಾಯಚೂರಿಗೆ ಮುತ್ತಿಗೆ ಹಾಕಿಸಿದ. ಆದರೂ ಯುದ್ಧ ಒಪ್ಪಂದದಲ್ಲಿ ಮುಗಿಯಿತು.

ದೇವರಾಯ ಸೇರಿಸಿಕೊಂಡ ಈ ಬಿಲ್ಲುಗಾರರು ಹೆದೆಯನ್ನು ಹೆಬ್ಬೆರಳಿನಿಂದ ಸೆಳೆಯುತ್ತಿದ್ದರು, ಬೆರಳು ಕೊಯ್ಯದಂತೆ ಉಂಗುರ ತೊಡುತ್ತಿದ್ದರು. ದ್ರೋಣ ಏಕಲವ್ಯನಿಂದ ಬೇರೆ ಬೆರಳು ಕೇಳದೆ ಹೆಬ್ಬೆರಳನ್ನೇ ಕೇಳಿದ್ದು ಆಗ ಚೆನ್ನಾಗಿ ಅರ್ಥವಾಗುತ್ತದೆ.

ಮುಂದೆ ಬಿಲ್ಲಿನ ಪಕ್ಕಕ್ಕೆ ಬಂದೂಕು ಬಂತು. 1520ರಲ್ಲಿ ಅದೇ ರಾಯಚೂರಿನ ಮುಂದೆ ಕೃಷ್ಣದೇವರಾಯನ ದಂಡು ಬೀಡುಬಿಟ್ಟಿತು. ಜೊತೆಯಲ್ಲಿ ಕ್ರಿಸ್ಟೊವಾವ್ ದೆ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ಇದ್ದರು. ಅವರು ಗೋಡೆಯ ಮೇಲಿನ ಕಾವಲುಗಾರರನ್ನು ಗುರಿಯಿಟ್ಟು ಹೊಡೆದರು. ಬಗ್ಗಿ ನೋಡುತ್ತಿದ್ದ ಕೋಟೆಯ ಅಧಿಪತಿಯ ಹಣೆಗೇ ಗುಂಡು ತಾಗಿತೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆಯುತ್ತಾನೆ. ಕೋಟೆ ಶರಣಾಯಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ವಿಜಯನಗರದ ಮಹಾನವಮಿಯ ಸೇನಾ ಮೆರವಣಿಗೆ ನೋಡಿದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಚಿನ್ನದ ತಗಡು ಹೊದಿಸಿದ ಬಿಲ್ಲುಗಳನ್ನು, ಮುಸ್ಲಿಂ ಯೋಧರ ಕೈಯಲ್ಲಿದ್ದ ತುರ್ಕಿ ಬಿಲ್ಲುಗಳನ್ನು ಹೆಸರಿಸುತ್ತಾನೆ. ಅದೇ ಮೆರವಣಿಗೆಯಲ್ಲಿ ಬಂದೂಕು ಹೊತ್ತವರೂ ಸಾಗುತ್ತಿದ್ದರು.